ಕಾರ್ಡ್ ಮಡಚುವ ಮುನ್ನ ಯಂತ್ರ ಓಡಿದ ದಿಕ್ಕು ನೋಡಿ

ಸ್ಟೇಷನರಿ ಅಂಗಡಿಗೆ ಹೋಗಿ ಗ್ರೀಟಿಂಗ್ ಕಾರ್ಡ್ ಮಾಡಲು ದಪ್ಪ ಹಾಳೆ ಬೇಕೆಂದರೆ ಬರುವ ಮರುಪ್ರಶ್ನೆ ಒಂದೇ: "ಎಷ್ಟು ಜಿಎಸ್‌ಎಂ?" ನಾವು 250 ಎನ್ನುತ್ತೇವೆ, ಅವರು ಎಣಿಸಿ ಕೊಡುತ್ತಾರೆ. ಮನೆಗೆ ತಂದು ಮಡಚಿದರೆ ಒಂದು ಬಗೆಯ ಹಾಳೆ ಗರಿಗರಿಯಾಗಿ ನಿಲ್ಲುತ್ತದೆ. ಅದೇ 250ರ ಇನ್ನೊಂದು, ಮಡಿಕೆಯುದ್ದಕ್ಕೂ ಬಿರಿದು ಬಣ್ಣದಡಿಯ ಬಿಳಿ ನಾರು ತೋರಿಸುತ್ತದೆ. ಮೂರನೆಯದು ಮೇಜಿನ ಮೇಲೆ ನಿಲ್ಲಿಸಿದ ಸ್ವಲ್ಪ ಹೊತ್ತಿಗೇ ಸೊಂಟ ಬಗ್ಗಿಸುತ್ತದೆ. ತೂಕ ಒಂದೇ ಇದ್ದೂ ನಡತೆ ಯಾಕೆ ಬೇರೆ ಎಂದು ತಿಳಿಯಬೇಕಾದರೆ ಆ ಹಾಳೆ ಹುಟ್ಟಿದ ಯಂತ್ರದ ಹತ್ತಿರ ಹೋಗಬೇಕು.

ಆ ಯಂತ್ರಕ್ಕೆ ಫೋರ್‌ಡ್ರಿನಿಯರ್ ಎಂದು ಹೆಸರು. ಇದು ಅದನ್ನು ಕಂಡುಹಿಡಿದವನ ಹೆಸರಲ್ಲ, ದುಡ್ಡು ಸುರಿದವರದು. ಫ್ರಾನ್ಸಿನ ಎಸ್ಸೋನ್ ಊರಿನಲ್ಲಿ ಡಿಡೋ ಮನೆತನದವರ ಕಾಗದದ ಗಿರಣಿ ಇತ್ತು. ಅಲ್ಲಿ ಕೆಲಸಕ್ಕಿದ್ದ ನಿಕೊಲಾ ಲೂಯಿ ರೊಬೇರ್ ಎಂಬ ಮಾಜಿ ಸೈನಿಕ 1799ರಲ್ಲಿ ಪೇಟೆಂಟ್ ಪಡೆದ. ಅಲ್ಲಿಯವರೆಗೆ ಕಾಗದವೆಂದರೆ ಚೌಕಟ್ಟಿನ ಜರಡಿಯನ್ನು ನಾರಿನ ನೀರಿನಲ್ಲಿ ಅದ್ದಿ ಒಂದೊಂದೇ ಹಾಳೆ ಎತ್ತುವ ಕೆಲಸ. ರೊಬೇರ್ ಜರಡಿಯ ಎರಡು ತುದಿಗಳನ್ನು ಒಂದಕ್ಕೊಂದು ಜೋಡಿಸಿ ಕೊನೆಯಿಲ್ಲದ ಪಟ್ಟಿಯಾಗಿಸಿ, ಕೈ ಹಿಡಿಕೆಯಿಂದ ತಿರುಗಿಸಿದ. ಹಾಳೆ ಉದ್ದಕ್ಕೆ ಬರತೊಡಗಿತು. ಈ ಕಲ್ಪನೆ ಇಂಗ್ಲೆಂಡಿಗೆ ಹೋಯಿತು. ಹೆನ್ರಿ ಮತ್ತು ಸೀಲಿ ಫೋರ್‌ಡ್ರಿನಿಯರ್ ಎಂಬ ಕಾಗದ ವ್ಯಾಪಾರಿ ಸಹೋದರರು ಹಣ ಹೂಡಿದರು, ಬ್ರಯನ್ ಡಾಂಕಿನ್ ಎಂಬ ಎಂಜಿನಿಯರ್ 1803ರಲ್ಲಿ ಹರ್ಟ್‌ಫರ್ಡ್‌ಶೈರ್‌ನ ಫ್ರಾಗ್‌ಮೋರ್ ಗಿರಣಿಯಲ್ಲಿ ಅದನ್ನು ನಿಜವಾಗಿ ಓಡುವ ಯಂತ್ರವಾಗಿಸಿದ. 1810ರಲ್ಲಿ ಸಹೋದರರು ದಿವಾಳಿಯಾದರು. ರೊಬೇರ್ ಬಡ ಶಾಲಾಮಾಸ್ತರನಾಗಿ 1828ರಲ್ಲಿ ತೀರಿಕೊಂಡ. ಯಂತ್ರ ಮಾತ್ರ ಇಂದಿಗೂ ಹೆಚ್ಚುಕಡಿಮೆ ಅದೇ ತತ್ವದ ಮೇಲೆ ಓಡುತ್ತಿದೆ.

ಅದರ ತಲೆಯ ಕಡೆಯಿಂದ ಹೊರಬೀಳುವ ದ್ರವ ನೋಡಿದರೆ ಇದರಿಂದ ಕಾಗದವಾಗುತ್ತದೆಂದು ನಂಬುವುದು ಕಷ್ಟ: ನೂರರಲ್ಲಿ 99 ಪಾಲು ಬರೀ ನೀರು, ನಾರು ಉಳಿದ ಒಂದು ಪಾಲಿನೊಳಗೆ. ಪೈನ್ ಜಾತಿಯ ಮರದ ನಾರು ಸುಮಾರು 3 ಮಿಲಿಮೀಟರ್ ಉದ್ದ, ನೀಲಗಿರಿಯದು 1 ಮಿಲಿಮೀಟರ್ ಆಸುಪಾಸು. ಭದ್ರಾವತಿ, ದಾಂಡೇಲಿಗಳ ಗಿರಣಿಗಳು ಒಂದು ಕಾಲಕ್ಕೆ ನೆಚ್ಚಿಕೊಂಡಿದ್ದ ಬಿದಿರಿನದು ಇವೆರಡರ ನಡುವಿನದು. ಈ ನೀರು ಓಡುತ್ತಿರುವ ಜಾಲರಿಯ ಮೇಲೆ ಬೀಳುತ್ತದೆ, ಕೆಳಗಿನಿಂದ ನೀರು ಬಸಿಯುತ್ತದೆ. ಹೊಳೆಯಲ್ಲಿ ತೇಲಿಬಿಟ್ಟ ದಿಮ್ಮಿಗಳು ಹರಿವಿನ ಕಡೆಗೆ ಉದ್ದುದ್ದ ತಿರುಗಿಕೊಳ್ಳುವಂತೆ, ಹೆಚ್ಚಿನ ನಾರುಗಳು ಯಂತ್ರ ಓಡುವ ದಿಕ್ಕಿಗೇ ಮೈಚಾಚಿ ಮಲಗುತ್ತವೆ. ಆಮೇಲೆ ಒತ್ತುವ ಉರುಳೆಗಳು, ಹಬೆಯಿಂದ ಕಾಯ್ದ ಒಣಗಿಸುವ ಉರುಳೆಗಳು. ಅಲ್ಲೂ ಹಾಳೆಯನ್ನು ಓಟದ ದಿಕ್ಕಿಗೆ ಬಿಗಿಯಾಗಿ ಎಳೆದೇ ಒಣಗಿಸುತ್ತಾರೆ. ಹೀಗಾಗಿ ಹಾಳೆಯಲ್ಲಿ ಒಂದು ದಿಕ್ಕು ಶಾಶ್ವತವಾಗಿ ಉಳಿಯುತ್ತದೆ. ಮುದ್ರಣಾಲಯದವರು ಇದನ್ನೇ ಗ್ರೇನ್ ಎನ್ನುವುದು.

ಗ್ರೇನ್ ದಿಕ್ಕಿಗೆ ಹಾಳೆ ಗಡುಸು. ಅಡ್ಡ ದಿಕ್ಕಿಗಿಂತ ಸಾಮಾನ್ಯವಾಗಿ ಎರಡು ಪಟ್ಟೋ ಅದಕ್ಕೂ ಮಿಗಿಲೋ. ಮಡಿಕೆ ಗ್ರೇನಿಗೆ ಸಮಾನಾಂತರವಾಗಿದ್ದರೆ ನಾರುಗಳು ಪಕ್ಕಪಕ್ಕ ಸರಿದು ದಾರಿ ಬಿಡುತ್ತವೆ. ಅಡ್ಡವಾಗಿದ್ದರೆ ಪ್ರತಿ ನಾರಿನ ಬೆನ್ನೂ ಮುರಿಯಬೇಕು. ಒಣ ಕಾಗದ ಉದ್ದಕ್ಕೆ ಶೇಕಡಾ ಎರಡರಷ್ಟು ಹಿಗ್ಗುವ ಹೊತ್ತಿಗೆ ಹರಿಯುವ ಹಂತಕ್ಕೆ ಬಂದಿರುತ್ತದೆ, ಮಡಿಕೆಯ ಹೊರಮೈ ಅದಕ್ಕಿಂತ ಎಷ್ಟೋ ಹೆಚ್ಚು ಹಿಗ್ಗಬೇಕು. ಬಿರುಕು ಹುಟ್ಟುವುದು ಅಲ್ಲಿ.

ದಿಕ್ಕು ತಿಳಿಯಲು ಉಪಕರಣ ಬೇಡ. ಹಾಳೆಯನ್ನು ಮಡಚದೆ ಸುಮ್ಮನೆ ಎರಡೂ ಕಡೆಗೆ ಬಗ್ಗಿಸಿ ಅಂಗೈಯಿಂದ ಒತ್ತಿ ನೋಡಿ. ಸುಲಭವಾಗಿ ಬಾಗಿದ ಕಡೆಯ ಬಾಗಿನ ಗೆರೆಯೇ ಗ್ರೇನ್. ಸಂದೇಹವಿದ್ದರೆ ಒಂದು ತುಂಡಿನ ಒಂದೇ ಮೈಯನ್ನು ಒದ್ದೆ ಮಾಡಿ. ನಾರು ನೀರು ಕುಡಿದಾಗ ಉದ್ದಕ್ಕೆ ಹೆಚ್ಚೇನೂ ಬೆಳೆಯುವುದಿಲ್ಲ, ದಪ್ಪಕ್ಕೆ ಚೆನ್ನಾಗಿ ಉಬ್ಬುತ್ತದೆ. ಆದ್ದರಿಂದ ತುಂಡು ಕೊಳವೆಯಂತೆ ಸುರುಳಿಯಾಗುತ್ತದೆ, ಕೊಳವೆಯ ಉದ್ದವೇ ಗ್ರೇನಿನ ದಿಕ್ಕು. ಮಳೆಗಾಲದ ಮಂಗಳೂರಿನಲ್ಲಿ ಕಾರ್ಡು ಸೊಟ್ಟಗಾಗುವುದಕ್ಕೂ, ನೀರಿನಂಶದ ಗೋಂದು ಹಚ್ಚಿ ಚಿತ್ರ ಅಂಟಿಸಿದೊಡನೆ ಹಾಳೆ ಏಳುವುದಕ್ಕೂ ಇದೇ ಕಾರಣ. ಅಂಟಿಸುವ ಎರಡು ಹಾಳೆಗಳ ಗ್ರೇನ್ ಒಂದೇ ದಿಕ್ಕಿಗಿದ್ದರೆ ಎಳೆದಾಟ ಕಡಿಮೆ.

ಇಲ್ಲೊಂದು ಮೋಜಿನ ಲೆಕ್ಕವಿದೆ. ಅಂಗಡಿಯಲ್ಲಿ ಸಿಗುವ ಎ4 ಹಾಳೆಗಳಲ್ಲಿ ಸಾಮಾನ್ಯವಾಗಿ ಗ್ರೇನ್ ಉದ್ದನೆಯ, ಅಂದರೆ 297 ಮಿಲಿಮೀಟರಿನ ಅಂಚಿನ ಕಡೆಗೆ ಓಡುತ್ತದೆ. ಎಲ್ಲರೂ ಮಾಡುವಂತೆ ಅದನ್ನು ನಡುವೆ ಮಡಚಿ ಎ5 ಕಾರ್ಡ್ ಮಾಡಿದಿರೋ, ಮಡಿಕೆ ಗ್ರೇನಿಗೆ ಅಡ್ಡ ಬಿತ್ತು. ಅದೇ ಹಾಳೆಯನ್ನು ಮೊದಲು ಎರಡು ತುಂಡಾಗಿ ಕತ್ತರಿಸಿ, ಪ್ರತಿ ತುಂಡನ್ನೂ ನಡುವೆ ಮಡಚಿ ಚಿಕ್ಕ ಎ6 ಕಾರ್ಡ್ ಮಾಡಿದರೆ ಮಡಿಕೆ ತಾನಾಗಿ ಗ್ರೇನಿನ ಗುಂಟ ಬರುತ್ತದೆ. ಪುಸ್ತಕದಂತೆ ತೆರೆಯುವ ಕಾರ್ಡಿಗೆ ಇದರಿಂದ ಎರಡು ಲಾಭ: ಮಡಿಕೆ ಬಿರಿಯುವುದಿಲ್ಲ, ನಾರುಗಳು ನೆಟ್ಟಗೆ ನಿಂತಿರುವುದರಿಂದ ಕಾರ್ಡೂ ಬಾಗದೆ ನಿಲ್ಲುತ್ತದೆ. ಡೇರೆಯಂತೆ ಮೇಲ್ಗಡೆ ಮಡಿಕೆಯಿರುವ ಕಾರ್ಡಿಗೆ ಈ ಭಾಗ್ಯವಿಲ್ಲ. ಮಡಿಕೆ ಬಿರಿಯದಿರಲು ನಾರು ಮಡಿಕೆಯ ಗುಂಟ ಮಲಗಿರಬೇಕು, ಕಾರ್ಡ್ ನಿಲ್ಲಲು ನೆಟ್ಟಗಿರಬೇಕು. ನಾನಾದರೆ ಮಡಿಕೆಯ ಪರ ವಹಿಸಿ, ಒಂದು ಮೆಟ್ಟಿಲು ಹೆಚ್ಚು ದಪ್ಪದ ಹಾಳೆ ಆರಿಸುತ್ತೇನೆ.

ದಪ್ಪ ಎಂದೆ, ತೂಕ ಎನ್ನಲಿಲ್ಲ. ಜಿಎಸ್‌ಎಂ ಹೇಳುವುದು ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತದೆ ಎಂಬುದನ್ನಷ್ಟೆ. ಎ4 ಎಂದರೆ ಚದರ ಮೀಟರಿನ ಹದಿನಾರನೇ ಒಂದು ಪಾಲು. ಹಾಗಾಗಿ 80 ಜಿಎಸ್‌ಎಂನ ಜೆರಾಕ್ಸ್ ಹಾಳೆ 5 ಗ್ರಾಂ, 240ರ ಕಾರ್ಡ್ 15 ಗ್ರಾಂ. ಅಡುಗೆಮನೆಯ ತಕ್ಕಡಿಯಲ್ಲಿ ಹತ್ತು ಹಾಳೆ ಇಟ್ಟರೆ ಅಂಗಡಿಯವರ ಮಾತು ಪರೀಕ್ಷೆಯಾಗುತ್ತದೆ. ಆದರೆ ಬಾಗುವಿಕೆಗೆ ಎದುರು ನಿಲ್ಲುವ ಶಕ್ತಿ ದಪ್ಪದ ಘನದಂತೆ ಏರುತ್ತದೆ. ಅದೇ ವಸ್ತುವಿನ ಹಾಳೆ ಎರಡು ಪಟ್ಟು ದಪ್ಪವಾದರೆ ಗಡಸು ಎಂಟು ಪಟ್ಟು. ಒಂದೇ ಬಗೆಯ ಹಾಳೆಯಲ್ಲಿ 200ರಿಂದ 250ಕ್ಕೆ ಹೋದರೆ ತೂಕ ಕಾಲುಭಾಗ ಹೆಚ್ಚುತ್ತದೆ, ಗಡಸು ಬಹುತೇಕ ಇಮ್ಮಡಿಯಾಗುತ್ತದೆ. ಹೀಗಾಗಿ ಮಡಚುವ ಕಾರ್ಡಿಗೆ 250ರಿಂದ 300 ಎಂಬುದು ನನ್ನ ಆಯ್ಕೆ. ಅದಕ್ಕಿಂತ ಕೆಳಗೆ ಮಣಿ, ಮಿಂಚು, ಹೂವಿನ ಭಾರ ಹೊರುವ ಶಕ್ತಿ ಇರುವುದಿಲ್ಲ.

ಹೊಳೆಯುವ ಆರ್ಟ್ ಕಾರ್ಡ್ ಇಲ್ಲಿ ಮೋಸ ಮಾಡುತ್ತದೆ. ಅದರ ತೂಕದ ಒಂದು ಪಾಲು ಮೇಲೆ ಬಳಿದ ಜೇಡಿ ಅಥವಾ ಸುಣ್ಣದ ಪುಡಿಯದು, ಮೇಲಾಗಿ ನುಣುಪಿಗಾಗಿ ಉರುಳೆಗಳ ನಡುವೆ ಹಿಚುಕಿರುತ್ತಾರೆ. ತೂಕ 250 ಇದ್ದರೂ ದಪ್ಪ ಸೊರಗಿರುತ್ತದೆ, ಆ ಲೇಪವೇ ಮಡಿಕೆಯಲ್ಲಿ ಮೊದಲು ಉದುರುತ್ತದೆ. ಫೋಟೋ ಮುದ್ರಿಸಿ ಅಂಟಿಸಲು ಅದು ಸರಿ, ಕಾರ್ಡಿನ ಬೆನ್ನೆಲುಬಾಗಲು ಲೇಪವಿಲ್ಲದ ಒರಟು ಹಾಳೆಯೇ ವಾಸಿ. ಪದರ ಪದರವಾಗಿ ಕಟ್ಟಿದ ಬೋರ್ಡಿನ ಜಾಣ್ಮೆ ಇನ್ನೂ ಚೆಂದ. 1809ರಲ್ಲಿ ಜಾನ್ ಡಿಕಿನ್ಸನ್ ಎಂಬ ಇಂಗ್ಲಿಷಿನವ ಜಾಲರಿ ಹೊದಿಸಿದ ಉರುಳೆಯನ್ನೇ ನಾರಿನ ತೊಟ್ಟಿಯಲ್ಲಿ ತಿರುಗಿಸುವ ಬೇರೊಂದು ಯಂತ್ರಕ್ಕೆ ಪೇಟೆಂಟ್ ಪಡೆದ. ಅಂಥ ತೊಟ್ಟಿಗಳನ್ನು ಸಾಲಾಗಿ ಇಟ್ಟರೆ ಹಸಿ ಪದರದ ಮೇಲೆ ಪದರ ಕೂಡುತ್ತದೆ. ಹಾಳೆ ಬಾಗುವಾಗ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ, ನಡುವಿನ ಪದರಕ್ಕೆ ಹೆಚ್ಚು ಕೆಲಸವಿಲ್ಲ. ಆದ್ದರಿಂದ ಒಳ್ಳೆಯ ನಾರನ್ನು ಹೊರ ಪದರಗಳಿಗಿಟ್ಟು ನಡುವೆ ಹಗುರವಾದ ಉಬ್ಬು ನಾರು ತುಂಬುತ್ತಾರೆ. ಮಿಠಾಯಿ, ಔಷಧಿಗಳ ಪೊಟ್ಟಣಗಳು ಅಷ್ಟು ಹಗುರವಾಗಿಯೂ ನೆಟ್ಟಗಿರುವುದು ಹೀಗೆ. ಬೂದು ಬೆನ್ನಿನ ಡುಪ್ಲೆಕ್ಸ್ ಬೋರ್ಡೂ ಪದರದ್ದೇ, ಆದರೆ ಅದರ ಬೆನ್ನು ರದ್ದಿ ಕಾಗದದ್ದು; ಒಳಗೆ ಬರೆಯಬೇಕಾದ ಕಾರ್ಡಿಗೆ ಬೇಡ.

ಅಮೆರಿಕದಲ್ಲಿ ಕೊಳ್ಳುವ ಕನ್ನಡಿಗರಿಗೆ ಗೊಂದಲ ಇನ್ನೂ ಒಂದು ಪಟ್ಟು. ಅಲ್ಲಿ ಕಾಗದವನ್ನು ಪೌಂಡಿನಲ್ಲಿ ಹೇಳುತ್ತಾರೆ, 500 ಹಾಳೆಗಳ ತೂಕ. ಆದರೆ ಯಾವ ಅಳತೆಯ ಹಾಳೆ ಎಂಬುದು ಜಾತಿಯಿಂದ ಜಾತಿಗೆ ಬೇರೆ. 110 ಪೌಂಡಿನ ಇಂಡೆಕ್ಸ್ ಸುಮಾರು 199 ಜಿಎಸ್‌ಎಂ, 80 ಪೌಂಡಿನ ಕವರ್ ಸುಮಾರು 216. ದೊಡ್ಡ ಸಂಖ್ಯೆಯದೇ ಹಗುರ ಹಾಳೆ! ಕಟ್ಟಿನ ಮೇಲೆ ಚಿಕ್ಕದಾಗಿ ಅಚ್ಚಾದ ಜಿಎಸ್‌ಎಂ ಇದ್ದರೆ ಅದನ್ನೇ ನೋಡಿಕೊಳ್ಳುವುದು ಕ್ಷೇಮ.

ಇಷ್ಟೆಲ್ಲ ಆರಿಸಿ ತಂದ ದಪ್ಪ ಹಾಳೆಯನ್ನು ಬೆರಳಿನಿಂದ ನೇರ ಮಡಚಬಾರದು. ಶಾಯಿ ಮುಗಿದ ಬಾಲ್‌ಪೆನ್ನಿನಿಂದಲೋ ಮೊಂಡು ಹೆಣಿಗೆ ಕಡ್ಡಿಯಿಂದಲೋ ಅಡಿಗೋಲಿನ ಗುಂಟ ಗೀರು ಒತ್ತಿ. ಹಾಳೆಯ ಒಳಪದರಗಳು ಆ ಗೆರೆಯಲ್ಲಿ ಒಂದರಿಂದೊಂದು ಬಿಡಿಸಿಕೊಳ್ಳುತ್ತವೆ, ಇನ್ನೊಂದು ಬದಿಯಲ್ಲಿ ಸಣ್ಣ ಏಣು ಏಳುತ್ತದೆ. ಬಹಳ ಮಂದಿ ಗೀರಿನ ಹಳ್ಳದ ಕಡೆಗೇ ಮಡಚುತ್ತಾರೆ. ಅದು ತಿರುವುಮುರುವು. ಏಣು ಮಡಿಕೆಯ ಒಳಗೆ ಹೋಗಬೇಕು, ಹಳ್ಳ ಹೊರಗುಳಿಯಬೇಕು. ಆಗ ಬಿಡಿಸಿಕೊಂಡ ಪದರಗಳು ಒಳಗಡೆ ಉಬ್ಬಿ ಜಾಗ ಮಾಡಿಕೊಳ್ಳುತ್ತವೆ, ಹೊರಮೈ ಎಳೆತಕ್ಕೆ ಸಿಗುವುದಿಲ್ಲ. ಪೊಟ್ಟಣದ ಕಾರ್ಖಾನೆಗಳ ಕ್ರೀಸಿಂಗ್ ಯಂತ್ರಗಳು ಮಾಡುವುದೂ ಇಷ್ಟನ್ನೇ.

ಇನ್ನು ಕೈಕಾಗದ. ರಾಜಸ್ಥಾನದ ಸಾಂಗಾನೇರ್‌ನಲ್ಲಿ, ಪುದುಚೇರಿಯ ಅರವಿಂದಾಶ್ರಮದಲ್ಲಿ ಹತ್ತಿಬಟ್ಟೆಯ ಚೂರುಗಳಿಂದ ಮಾಡುವ ಹಾಳೆಗಳಿವು. ಹತ್ತಿಯಲ್ಲಿ ಮರದ ಲಿಗ್ನಿನ್ ಇರುವುದಿಲ್ಲವಾದ್ದರಿಂದ ಹಳದಿಯಾಗುವ ಕಾಟ ಕಡಿಮೆ. ಜರಡಿಯಿಂದ ಹಾಳೆ ಎತ್ತುವವರು ಅದನ್ನು ಹಿಂದೆಮುಂದೆಯೂ ಎಡಬಲಕ್ಕೂ ಅಲುಗಿಸುವುದರಿಂದ ನಾರುಗಳು ದಿಕ್ಕೆಟ್ಟು ಹೆಣೆದುಕೊಳ್ಳುತ್ತವೆ, ಗ್ರೇನ್ ಎಂಬುದು ಇಲ್ಲವೆನ್ನುವಷ್ಟು ಕಡಿಮೆ. ಯಾವ ಕಡೆ ಮಡಚಿದರೂ ಹೆಚ್ಚುಕಡಿಮೆ ಒಂದೇ ನಡತೆ. ಬದಲಿಗೆ ಇನ್ನೊಂದು ಎಚ್ಚರ ಬೇಕು: ಒಂದೇ ಹಾಳೆಯಲ್ಲಿ ದಪ್ಪ ಏರುಪೇರಾಗಿರುತ್ತದೆ. ಕತ್ತರಿ ಹಾಕುವ ಮೊದಲು ಕಿಟಕಿಯ ಬೆಳಕಿಗೆ ಹಿಡಿದು, ತೆಳ್ಳಗೆ ಹೊಳೆಯುವ ಜಾಗಗಳನ್ನು ಪೆನ್ಸಿಲಿನಿಂದ ಗುರುತಿಸಿಕೊಳ್ಳಿ. ಮಡಿಕೆಯ ಗೆರೆಯನ್ನು ಅವುಗಳಿಂದ ಒಂದೆರಡು ಬೆರಳು ದೂರಕ್ಕೆ ಸರಿಸಿ ಎಳೆಯಿರಿ.