ನೀರುಗಂಟಿಯೂ ಟ್ರಾನ್ಸಿಸ್ಟರೂ

ಮೈಸೂರಿನಿಂದ ನಂಜನಗೂಡಿಗೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿರುವ ತಾಂಡವಪುರದಲ್ಲಿ ಈಗ ಒಂದು ಇಂಜಿನಿಯರಿಂಗ್ ಕಾಲೇಜಿದೆ. ಅಲ್ಲಿಂದ ಮುಂದೆ, ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ, ಆಸ್ಟ್ರಿಯಾ ದೇಶದ ಏಟಿ ಅಂಡ್ ಎಸ್ ಸಂಸ್ಥೆಯು 1999ರಲ್ಲಿ ಕೊಂಡುಕೊಂಡ ಇಂಡಾಲ್ ಎಲೆಕ್ಟ್ರಾನಿಕ್ಸ್‌ನ ಕಾರ್ಖಾನೆಯಲ್ಲಿ ಮುದ್ರಿತ ಸರ್ಕಿಟ್ ಹಲಗೆಗಳು ತಯಾರಾಗುತ್ತವೆ. ಎಲೆಕ್ಟ್ರಾನಿಕ್ಸ್ ವಿದ್ಯೆಯು ಹೀಗೆ ಈ ಸೀಮೆಯ ಬಾಗಿಲಿಗೇ ಬಂದು ನಿಂತಿದ್ದರೂ, ಸುತ್ತಲಿನ ಊರುಗಳ ಎಷ್ಟೋ ಮಕ್ಕಳಿಗೆ ಅದು ಇಂಗ್ಲಿಷ್ ಗ್ರಂಥಗಳ ಮರೆಯಲ್ಲಿ ಅಡಗಿದ ಮಂತ್ರವಿದ್ಯೆಯಾಗಿಯೇ ಉಳಿದಿರುವುದು ವಿಚಿತ್ರ; ಏಕೆಂದರೆ ಅದನ್ನು ಬೋಧಿಸಲು ಜಗತ್ತಿನ ಪಠ್ಯಪುಸ್ತಕಗಳು ಮೊದಲು ಆಶ್ರಯಿಸುವ ಉಪಮಾನ ನೀರು, ಮತ್ತು ನೀರಿನ ನಡೆಯನ್ನು ಈ ಸೀಮೆಯ ಕಪಿಲಾ ನದಿಯ ತೀರದ ಬೇಸಾಯಗಾರನಷ್ಟು ಬಲ್ಲವರು ವಿರಳ.

ಕಪಿಲೆಯ ಮೇಲಿನ ಹುಲ್ಲಹಳ್ಳಿಯ ಹಳೆಯ ಅಣೆಕಟ್ಟೆಯಿಂದ ಹೊರಟ ನಾಲೆಗಳ ಅಚ್ಚುಕಟ್ಟಿನಲ್ಲಿ ಬೆಳೆದ ಹುಡುಗನಿಗೆ, ಎತ್ತರದ ಅಂತರ ಹೆಚ್ಚಿದಷ್ಟೂ ಹರಿವಿನ ರಭಸ ಹೆಚ್ಚುವುದೆಂಬುದನ್ನೂ, ಹೂಳು ತುಂಬಿ ಕಾಲುವೆ ಕಿರಿದಾದರೆ ಕೊನೆಯ ಗದ್ದೆಗೆ ನೀರು ಮುಟ್ಟದೆಂಬುದನ್ನೂ ಯಾರೂ ಹೇಳಿಕೊಡಬೇಕಾಗಿಲ್ಲ. ಎತ್ತರದ ಅಂತರವನ್ನು ವೋಲ್ಟೇಜೆಂದೂ, ಹರಿವನ್ನು ಕರೆಂಟೆಂದೂ, ಹೂಳಿನ ಅಡ್ಡಿಯನ್ನು ರೋಧವೆಂದೂ ಕರೆದುಬಿಟ್ಟರೆ ಓಮನ ನಿಯಮದ ಮುಕ್ಕಾಲು ಪಾಲು ಅವನ ಅನುಭವದಲ್ಲೇ ಸಿದ್ಧವಾಗಿದೆ. ಮೇಲಿನವರೆಲ್ಲ ತೂಬು ತೆರೆದಾಗ ಕೊನೆಯವನ ಗದ್ದೆ ಸೊರಗುವುದಕ್ಕೂ, ಸುತ್ತಲಿನ ಪಂಪ್‌ಸೆಟ್ಟುಗಳೆಲ್ಲ ಒಮ್ಮೆಲೇ ಓಡತೊಡಗಿದಾಗ ಲೈನಿನ ತುದಿಯ ಮನೆಯ ದೀಪ ಮಂಕಾಗುವುದಕ್ಕೂ ಕಾರಣ ಒಂದೇ ಬಗೆಯದು. ಇನ್ನೊಂದು ವಿಶೇಷವೂ ಉಂಟು. ಇದೇ ಕಪಿಲೆಯು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡಿ, ಮುಂದೆ ಶಿವನಸಮುದ್ರದಲ್ಲಿ ಧುಮುಕಿ, 1902ರಲ್ಲಿ ವಿದ್ಯುತ್ತಾಗಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಉಪಮಾನವೇ ಉಪಮೇಯವಾಗಿ ಮಾರ್ಪಡುವ ಇಂಥ ಪ್ರಸಂಗ ನಮ್ಮ ಆಲಂಕಾರಿಕರಿಗೂ ಹೊಳೆದಿರಲಾರದು.

ಉಪಮೆಯ ಮೂಲಕ ಕಲಿಯುವುದು ಮಂದಮತಿಗಳ ದಾರಿಯೆಂಬ ತಾತ್ಸಾರ ಕೆಲವು ವಿದ್ವಾಂಸರಲ್ಲಿದೆ. ಅದು ಸಲ್ಲದು. ಗೇಯಾರ್ಗ್ ಓಮ್ ಎಂಬ ಜರ್ಮನ್ ಉಪಾಧ್ಯಾಯನು 1827ರಲ್ಲಿ ತನ್ನ ನಿಯಮವನ್ನು ಗ್ರಂಥರೂಪದಲ್ಲಿ ಪ್ರತಿಪಾದಿಸಿದಾಗ, ಅವನ ಕಣ್ಣ ಮುಂದಿದ್ದುದು ಫೂರಿಯೇ ವಿವರಿಸಿದ್ದ ಉಷ್ಣದ ಹರಿವು. ಮ್ಯಾಕ್ಸ್‌ವೆಲ್ಲನಂಥ ಮೇಧಾವಿಯೂ ಫ್ಯಾರಡೆಯ ಬಲರೇಖೆಗಳನ್ನು ಗಣಿತಕ್ಕೆ ಇಳಿಸುವಾಗ ಒಂದು ದ್ರವವನ್ನು ಕಲ್ಪಿಸಿಕೊಂಡನು. ಆದರೆ ಆ ದ್ರವವು ಬರಿಯ ಕಲ್ಪನೆಯೆಂದು ಓದುಗರಿಗೆ ಎಚ್ಚರಿಕೆಯನ್ನೂ ಕೊಟ್ಟನು. ನಮ್ಮ ಶಾಲೆಗಳಲ್ಲಿ ಉಪಮಾನವನ್ನು ಕೊಡುತ್ತಾರೆ, ಎಚ್ಚರಿಕೆಯನ್ನು ಕೊಡುವುದಿಲ್ಲ.

ಎಚ್ಚರಿಕೆ ಏಕೆ ಬೇಕೆಂದರೆ, ಕತ್ತರಿಸಿದ ಕೊಳವೆಯಿಂದ ನೀರು ಹೊರಚೆಲ್ಲುತ್ತದೆ, ಕತ್ತರಿಸಿದ ತಂತಿಯಿಂದಾದರೋ ಏನೂ ಚೆಲ್ಲದೆ ಪ್ರವಾಹವೇ ನಿಂತುಹೋಗುತ್ತದೆ. ಗದ್ದೆಗೆ ಬಿಟ್ಟ ನೀರು ನದಿಗೆ ಮರಳಬೇಕೆಂಬ ಕಟ್ಟಳೆಯಿಲ್ಲ, ವಿದ್ಯುತ್ತಿಗೆ ಮರಳುವ ದಾರಿಯಿಲ್ಲದಿದ್ದರೆ ಹೊರಡುವ ದಾರಿಯೂ ಇಲ್ಲ. ಲೆಕ್ಕಕ್ಕಿಳಿದರೆ ಭೇದವು ಇನ್ನೂ ಸ್ಪಷ್ಟ. ನೀರು ಶಾಂತವಾಗಿ ಹರಿಯುವ ಕೊಳವೆಯ ವ್ಯಾಸವನ್ನು ಅರ್ಧಕ್ಕೆ ಇಳಿಸಿದರೆ, ಒತ್ತಡ ಅಷ್ಟೇ ಇದ್ದರೂ, ಹರಿವು ಹದಿನಾರರಲ್ಲೊಂದು ಪಾಲಿಗೆ ಕುಗ್ಗುತ್ತದೆ. ತಂತಿಯ ವ್ಯಾಸವನ್ನು ಅರ್ಧ ಮಾಡಿದರೆ ಕರೆಂಟು ನಾಲ್ಕರಲ್ಲೊಂದಾಗುತ್ತದೆ, ಅಷ್ಟೆ. ಆದರೂ ಉಪಮಾನವನ್ನು ಸಾರಾಸಗಟಾಗಿ ತಳ್ಳಿಹಾಕುವಂತಿಲ್ಲ. ಒಂದು ಚದರ ಮಿಲಿಮೀಟರ್ ಅಡ್ಡಕೊಯ್ತದ ತಾಮ್ರದ ತಂತಿಯಲ್ಲಿ ಒಂದು ಆಂಪೇರ್ ಹರಿಯುವಾಗ ಎಲೆಕ್ಟ್ರಾನುಗಳು ಗಂಟೆಗೆ ಸುಮಾರು ಕಾಲು ಮೀಟರಿನಷ್ಟು ಮಾತ್ರ ತೆವಳುತ್ತವೆಂದರೆ ವಿದ್ಯಾರ್ಥಿ ಬೆರಗಾಗುತ್ತಾನೆ, ಸ್ವಿಚ್ಚು ಒತ್ತಿದ ಕ್ಷಣವೇ ದೀಪ ಹೊತ್ತುವುದು ಹೇಗೆಂದು ಕೇಳುತ್ತಾನೆ. ಕೊಳವೆಯು ಮೊದಲೇ ತುಂಬಿ ನಿಂತಿದ್ದರೆ ಈ ತುದಿಯ ಒತ್ತಡ ಆ ತುದಿಗೆ ಒಡನೆಯೇ ತಿಳಿಯುವುದೆಂಬ ಉತ್ತರವನ್ನು ನೀರೇ ಕೊಡುತ್ತದೆ.

ಈ ವಿದ್ಯೆಯ ನಿಜವಾದ ಹೊಸ್ತಿಲು ಟ್ರಾನ್ಸಿಸ್ಟರ್. ಹೊರೊವಿಟ್ಸ್ ಮತ್ತು ಹಿಲ್ ಎಂಬ ಇಬ್ಬರು 1980ರಲ್ಲಿ ಹೊರತಂದ ‘ದಿ ಆರ್ಟ್ ಆಫ್ ಎಲೆಕ್ಟ್ರಾನಿಕ್ಸ್’ ಎಂಬ ಪ್ರಸಿದ್ಧ ಗ್ರಂಥದಲ್ಲಿ ಟ್ರಾನ್ಸಿಸ್ಟರಿನೊಳಗೆ ಒಬ್ಬ ಪುಟ್ಟ ಮನುಷ್ಯನನ್ನು ಚಿತ್ರಿಸಿ ಕೂರಿಸಿದ್ದಾರೆ: ಬೇಸ್ ಎಂಬ ಕಡೆಯಿಂದ ಬರುವ ಅಲ್ಪ ಕರೆಂಟನ್ನು ಅವನು ನೋಡುತ್ತಿರುತ್ತಾನೆ, ಅದರ ನೂರರಷ್ಟೋ ಇನ್ನೆಷ್ಟೋ ಪಟ್ಟು ಕರೆಂಟು ಮುಖ್ಯ ದಾರಿಯಲ್ಲಿ ಹರಿಯುವಂತೆ ತಿರುಪನ್ನು ಹೊಂದಿಸುತ್ತಿರುತ್ತಾನೆ. ಇವನು ನಾಲೆಯ ತೂಬು ಕಾಯುವ ನಮ್ಮ ನೀರುಗಂಟಿಯಲ್ಲದೆ ಮತ್ತಾರು? ನೀರುಗಂಟಿಯ ತೋಳಬಲದಿಂದ ನೀರು ಹರಿಯುವುದಿಲ್ಲ. ಅವನು ತೂಬನ್ನು ಎಷ್ಟು ಎತ್ತುವನೋ ಅಷ್ಟನ್ನು ನಾಲೆಯೇ ಕೊಡುತ್ತದೆ. ಟ್ರಾನ್ಸಿಸ್ಟರಿನಂಥ ವರ್ಧಕವು ಶಕ್ತಿಯನ್ನು ಸೃಷ್ಟಿಸುವುದೆಂದು ಪದವೀಧರರೂ ಮಾಡಿಕೊಳ್ಳುವ ಭ್ರಮೆಯನ್ನು ಕಳೆಯಲು ಈ ಒಂದು ಮಾತು ಸಾಕು. ಆದರೆ ಅದೇ ಗ್ರಂಥವು ಅದೇ ಅಧ್ಯಾಯದಲ್ಲಿ ಮುಂದುವರಿದು ಆ ಪುಟ್ಟ ಮನುಷ್ಯನನ್ನು ಬೀಳ್ಕೊಡುತ್ತದೆ: ಮುಖ್ಯ ಕರೆಂಟನ್ನು ನಿಜವಾಗಿ ನಿಯಂತ್ರಿಸುವುದು ಬೇಸಿಗೂ ಎಮಿಟರ್ ಎಂಬ ಮತ್ತೊಂದು ತುದಿಗೂ ನಡುವಿನ ವೋಲ್ಟೇಜು, ಸಾಮಾನ್ಯ ಉಷ್ಣತೆಯಲ್ಲಿ ಅದು ಸುಮಾರು 60 ಮಿಲಿವೋಲ್ಟ್ ಏರಿದರೆ ಕರೆಂಟು ಹತ್ತು ಪಟ್ಟಾಗುತ್ತದೆ ಎಂದು. ಇಷ್ಟು ಸೂಕ್ಷ್ಮವಾದ ತೂಬನ್ನು ಯಾವ ನಾಲೆಯೂ ಕಂಡಿಲ್ಲ. ಉಪಮಾನವನ್ನು ಕೊಡುವ ಪುಸ್ತಕಗಳು ಬೇಕಾದಷ್ಟಿವೆ. ಅದನ್ನು ಯಾವ ಪುಟದಲ್ಲಿ ಕೈಬಿಡಬೇಕೆಂದು ತಿಳಿದ ಪುಸ್ತಕವನ್ನೇ ನಾನು ಉತ್ತಮವೆನ್ನುವೆನು.

ಪಠ್ಯಪುಸ್ತಕವನ್ನು ಓದಿ ಪರೀಕ್ಷೆ ಗೆದ್ದವನ ಮುಂದೆ ನಾಲ್ಕು ಬಿಡಿಭಾಗಗಳನ್ನಿಟ್ಟರೆ ಕೈ ನಡುಗುವುದನ್ನು ನಾವು ಕಂಡಿದ್ದೇವೆ. ಇಂಜಿನಿಯರಿಂಗ್ ವಿದ್ಯಾರ್ಥಿಗಳು ಓದುವ ತೆರಾಜಾ ಅವರ ದಪ್ಪ ಗ್ರಂಥದಿಂದ ಲೆಕ್ಕ ಬರುತ್ತದೆ, ಕೈ ಬರುವುದಿಲ್ಲ. ಕೈಯನ್ನು ಪಳಗಿಸಿದ್ದು ಹವ್ಯಾಸಿ ಪತ್ರಿಕೆಗಳು. 1969ರಲ್ಲಿ ದೆಹಲಿಯಿಂದ ಆರಂಭವಾದ ‘ಎಲೆಕ್ಟ್ರಾನಿಕ್ಸ್ ಫಾರ್ ಯೂ’ ಪತ್ರಿಕೆಯ ಸರ್ಕಿಟ್ ಪುಟಗಳನ್ನು ಹಿಡಿದು, ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಬಿಡಿಭಾಗಗಳನ್ನು ಹುಡುಕಿ, ಬೆಸುಗೆಯ ಹೊಗೆಯಲ್ಲಿ ಕಣ್ಣು ಕೆಂಪಗೆ ಮಾಡಿಕೊಂಡ ಒಂದು ಪೀಳಿಗೆಯೇ ಈ ನಾಡಿನಲ್ಲಿತ್ತು. ಅಮೆರಿಕದ ಫಾರೆಸ್ಟ್ ಮಿಮ್ಸ್ ಅಕ್ಷರಗಳನ್ನೂ ಚಿತ್ರಗಳನ್ನೂ ಕೈಯಿಂದಲೇ ಬರೆದು 1983ರಲ್ಲಿ ಪ್ರಕಟಿಸಿದ ಪುಸ್ತಕವು ಅಷ್ಟೊಂದು ಜನಕ್ಕೆ ಗುರುವಾದದ್ದೂ ಈ ಕೈಗೆಲಸದ ಆಪ್ತತೆಯಿಂದಲೇ. 555 ಎಂಬ ಎಂಟು ಕಾಲುಗಳ ಚಿಪ್ಪಿನಿಂದ ದೀಪವನ್ನು ಮಿಣುಕಿಸಿದವನಿಗೆ, ಕೆಪಾಸಿಟರು ತುಂಬುತ್ತ ಹೋದಂತೆ ತುಂಬುವ ವೇಗ ಕುಗ್ಗುವುದೂ, ಹತ್ತು ಮೈಕ್ರೋಫ್ಯಾರಡ್ ಮತ್ತು ಒಂದು ಲಕ್ಷ ಓಮ್ ಸೇರಿದರೆ ಅದು ನೂರಕ್ಕೆ 63ರಷ್ಟು ತುಂಬಲು ಒಂದು ಸೆಕೆಂಡ್ ಹಿಡಿಯುವುದೂ ಸೂತ್ರವಾಗಿ ಉಳಿಯದೆ ಕಣ್ಣಿಗೆ ಕಂಡ ಸಂಗತಿಯಾಗುತ್ತದೆ.

ಹವ್ಯಾಸಿಯ ಉತ್ಸಾಹವು ಮೈಸೂರಿಗೆ ಹೊಸದಲ್ಲ. 1935ರಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಎಂದು ಹೆಸರಾದ ಬಾನುಲಿ ಪ್ರಸಾರವನ್ನಾರಂಭಿಸಿದ ಡಾ. ಎಂ.ವಿ. ಗೋಪಾಲಸ್ವಾಮಿಯವರು ಇಂಜಿನಿಯರರಲ್ಲ, ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಕನ್ನಡದಲ್ಲಿ ವಿಜ್ಞಾನವನ್ನು ಹೇಳುವ ಉತ್ಸಾಹವೂ ಹೊಸದಲ್ಲ. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ ಪತ್ರಿಕೆಯನ್ನು ನಡೆಸಿ ನೂರು ವರ್ಷ ಮೀರಿತು, ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲವಿಜ್ಞಾನ’ವು 1978ರಲ್ಲಿ ಹುಟ್ಟಿತು. ಈ ಎರಡು ಉತ್ಸಾಹಗಳೂ ಕೂಡುವ ಸ್ಥಳ ಮಾತ್ರ ಇನ್ನೂ ಬಡವಾಗಿದೆ: ಕನ್ನಡದಲ್ಲಿ ವಿವರಣೆ ಉಂಟು, ಮಾಡಿ ನೋಡಲು ಸರ್ಕಿಟ್ಟಿನ ನಕ್ಷೆ ಸಿಗುವುದು ಅಪರೂಪ. ನಮ್ಮ ಕನ್ನಡ ಪತ್ರಿಕೆಗಳ ಸಂಪಾದಕ ಮಹಾಶಯರು ತಿಂಗಳಿಗೊಂದು ಪುಟವನ್ನು ಇದಕ್ಕೆ ಮೀಸಲಿಟ್ಟು, ಒಂದು ನಕ್ಷೆ, ಬೇಕಾದ ಬಿಡಿಭಾಗಗಳ ಪಟ್ಟಿ, ಅದು ಕೆಲಸ ಮಾಡದಿದ್ದರೆ ಮಲ್ಟಿಮೀಟರನ್ನು ಎಲ್ಲೆಲ್ಲಿ ಇಟ್ಟು ನೋಡಬೇಕೆಂಬ ಸೂಚನೆ, ಇಷ್ಟನ್ನು ಅಚ್ಚುಹಾಕಲಿ. ತಾಂಡವಪುರದಂಥ ಊರುಗಳ ಕಾಲೇಜುಗಳ ಅಧ್ಯಾಪಕರು ಅದನ್ನು ಬರೆದುಕೊಡಲು ಮುಂದಾಗಲಿ.