ಪ್ರಾದೇಶಿಕ ಸಮತೋಲನ ಮತ್ತು ಹಸಿರು ತಂತ್ರಜ್ಞಾನ: ಕರಾವಳಿಯ ಮೂರು ತಾಲ್ಲೂಕುಗಳ ಲೆಕ್ಕಾಚಾರ

ಡಾ. ಡಿ.ಎಂ. ನಂಜುಂಡಪ್ಪ ಅಧ್ಯಕ್ಷತೆಯ ಉನ್ನತಾಧಿಕಾರ ಸಮಿತಿಯು 2002ರಲ್ಲಿ ಸಲ್ಲಿಸಿದ ವರದಿಯಲ್ಲಿ ರಾಜ್ಯದ ಅಂದಿನ 175 ತಾಲ್ಲೂಕುಗಳ ಪೈಕಿ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತು. ಹಿಂದುಳಿದಿರುವಿಕೆಯನ್ನು ರಸ್ತೆ, ಶಾಲೆ, ನೀರಾವರಿಗಳಿಂದ ಅಳೆಯುವುದು ರೂಢಿ. ಆದರೆ ಸ್ಥಳೀಯ ಉದ್ದಿಮೆಯು ಸೌರಫಲಕವನ್ನೋ, ವಿದ್ಯುತ್ ಉಳಿಸುವ ಯಂತ್ರವನ್ನೋ ಅಳವಡಿಸಿಕೊಳ್ಳಲು ಶಕ್ತವೇ ಎಂಬುದೂ ಅಸಮತೋಲನದ ಮತ್ತೊಂದು ಮುಖವಾಗಿದೆ.

ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳಿಗೆ ನೈಸರ್ಗಿಕ ಸಂಪತ್ತಿನ ಕೊರತೆಯಿಲ್ಲ. ಹೊನ್ನಾವರ ತಾಲ್ಲೂಕಿನ ಗೇರುಸೊಪ್ಪೆಯಲ್ಲಿ 240 ಮೆಗಾವಾಟ್ ಸಾಮರ್ಥ್ಯದ ಜಲವಿದ್ಯುದಾಗಾರವಿದೆ. ಕುಮಟಾ ತಾಲ್ಲೂಕಿನ ಸಾಣಿಕಟ್ಟಾದ ಉಪ್ಪಿನಾಗರಗಳು ತಲೆಮಾರುಗಳಿಂದ ಬಿಸಿಲನ್ನೇ ಇಂಧನವಾಗಿಸಿಕೊಂಡಿವೆ. 1998ರಿಂದ ಕೊಂಕಣ ರೈಲು ಮೂರೂ ಪಟ್ಟಣಗಳನ್ನು ಮುಂಬಯಿ, ಮಂಗಳೂರುಗಳಿಗೆ ಬೆಸೆದಿದೆ. ಆದರೂ ಅರಣ್ಯ ಹಾಗೂ ಕರಾವಳಿ ನಿಯಂತ್ರಣ ವಲಯದ ನಡುವೆ ಕೈಗಾರಿಕೆಗೆ ದೊರೆಯುವ ಭೂಮಿ ಅಲ್ಪ. ಐಸ್ ಪ್ಲಾಂಟ್, ಮೀನು ಸಂಸ್ಕರಣೆ, ಗೇರುಬೀಜ, ಹಂಚು ಮುಂತಾದ ಸಣ್ಣ ಘಟಕಗಳೇ ಇಲ್ಲಿಗೆ ಸಹಜವಾದವು.

ತೆರಿಗೆ ರಿಯಾಯಿತಿ ಯಾರಿಗೆ?

ಸೌರ ಉಪಕರಣಗಳಿಗೆ ಆದಾಯ ತೆರಿಗೆಯಲ್ಲಿ ಶೇ. 40ರ ಸವಕಳಿ ಲಭ್ಯವಿದೆ. 10 ಲಕ್ಷ ರೂ. ಹೂಡಿದ ಪಾಲುದಾರಿಕೆ ಸಂಸ್ಥೆಗೆ ಮೊದಲ ವರ್ಷ 4 ಲಕ್ಷ ರೂ. ಸವಕಳಿ, ಶೇ. 30ರ ದರದಲ್ಲಿ 1.20 ಲಕ್ಷ ರೂ. ತೆರಿಗೆ ಉಳಿತಾಯ. ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಸಿದರೆ ಇದರ ಅರ್ಧ ಮಾತ್ರ. ಲಾಭವೇ ಇಲ್ಲದ ಘಟಕಕ್ಕೆ ಆ ವರ್ಷ ಉಳಿತಾಯ ಶೂನ್ಯ. ಅಂದಾಜು ಆದಾಯ ಪದ್ಧತಿಯಲ್ಲಿರುವ ಸಣ್ಣ ಉದ್ದಿಮೆದಾರರ ಸ್ಥಿತಿ ಇನ್ನೂ ಕಠಿಣ. ಅವರಿಗೆ ಪ್ರತ್ಯೇಕ ಸವಕಳಿ ದೊರೆಯದು. ಕಾನೂನಿನ ದೃಷ್ಟಿಯಲ್ಲಿ ಅದು ಈಗಾಗಲೇ ದೊರೆತಂತೆಯೇ ಸರಿ. 2025ರ ಸೆಪ್ಟೆಂಬರ್ 22ರಿಂದ ಸೌರ ಉಪಕರಣಗಳ ಜಿ.ಎಸ್.ಟಿ. ಶೇ. 12ರಿಂದ 5ಕ್ಕೆ ಇಳಿದಿರುವುದು ಸ್ವಾಗತಾರ್ಹವಾದರೂ, ರಾಜಿ ತೆರಿಗೆ ಪದ್ಧತಿಯವರಿಗೆ ಆ 5 ಕೂಡ ವೆಚ್ಚವೇ. ಹೀಗೆ ತೆರಿಗೆಯ ಮೂಲಕ ನೀಡುವ ಪ್ರೋತ್ಸಾಹವು ಲಾಭ ಹೆಚ್ಚಿರುವ ನಗರಗಳತ್ತಲೇ ಹರಿಯುತ್ತದೆ.

ನೇರ ನೆರವಿನ ಮಹತ್ವ

ಆದುದರಿಂದ ಹಿಂದುಳಿದ ಪ್ರದೇಶಗಳಿಗೆ ಬಂಡವಾಳ ಸಹಾಯಧನವೇ ಹೆಚ್ಚು ಪರಿಣಾಮಕಾರಿ. ಕೇಂದ್ರವು 2022ರಲ್ಲಿ ಆರಂಭಿಸಿದ ಜೆಡ್ ಪ್ರಮಾಣೀಕರಣ ಯೋಜನೆಯಲ್ಲಿ ಪ್ರಮಾಣೀಕರಣ ಶುಲ್ಕದ ಮೇಲೆ ಅತಿ ಸಣ್ಣ ಘಟಕಗಳಿಗೆ ಶೇ. 80, ಸಣ್ಣವುಗಳಿಗೆ ಶೇ. 60 ರಿಯಾಯಿತಿ ನಿಗದಿಯಾಯಿತು. ಲಾಭನಷ್ಟದ ಹಂಗಿಲ್ಲದ ಇಂತಹ ನೆರವು ಯಂತ್ರೋಪಕರಣಗಳಿಗೂ ವಿಸ್ತರಿಸಬೇಕು.

ಕರಾವಳಿಯ ಹವೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಉಪ್ಪುಗಾಳಿಗೆ ಸಾಮಾನ್ಯ ಕಬ್ಬಿಣದ ಚೌಕಟ್ಟು ಬೇಗ ತುಕ್ಕು ಹಿಡಿಯುವುದರಿಂದ ವೆಚ್ಚ ಏರುತ್ತದೆ. ಮಳೆಗಾಲದಲ್ಲಿ ಸೌರ ಉತ್ಪಾದನೆ ಕುಗ್ಗುತ್ತದೆ. ಆದರೆ ಜೂನ್–ಜುಲೈನ 61 ದಿನಗಳ ಯಾಂತ್ರಿಕ ಮೀನುಗಾರಿಕೆ ನಿಷೇಧವೂ ಆಗಲೇ ಬರುವುದರಿಂದ ಐಸ್ ಪ್ಲಾಂಟ್‌ಗಳಿಗೆ ಇದು ಅಷ್ಟಾಗಿ ತೊಡಕಾಗದು.

ಉದ್ದಿಮೆದಾರರು ಹೂಡಿಕೆಗೆ ಮುನ್ನ ತಮ್ಮ ತಾಲ್ಲೂಕು ಕೈಗಾರಿಕಾ ನೀತಿಯ ಯಾವ ವಲಯದಲ್ಲಿದೆ, ತಾವು ಯಾವ ತೆರಿಗೆ ಪದ್ಧತಿಯಲ್ಲಿದ್ದೇವೆ ಎಂಬುದನ್ನು ಖಚಿತಪಡಿಸಿಕೊಳ್ಳುವುದು ಒಳಿತು. ಸರಕಾರವಾದರೋ, ಬೆಂಗಳೂರಿಗೆ ಹೊಂದುವ ರಿಯಾಯಿತಿ ಭಟ್ಕಳಕ್ಕೂ ಹೊಂದೀತೆಂಬ ಭಾವನೆಯನ್ನು ಬಿಡಬೇಕಾಗಿದೆ.