ಪೀಲ್ ಆದ ವಾರವೇ ಫೇಶಿಯಲ್? ತಪ್ಪು ಕಲ್ಪನೆ ಮತ್ತು ವಾಸ್ತವ

ವೈಶಾಖದ ಲಗ್ನಗಳು ಹತ್ತಿರ ಬಂದರೆ ಸರಗೂರು, ಹ್ಯಾಂಡ್‌ಪೋಸ್ಟ್, ಎಚ್.ಡಿ. ಕೋಟೆ ಕಡೆಯ ಬ್ಯೂಟಿ ಪಾರ್ಲರ್‌ಗಳಲ್ಲಿ ಕುರ್ಚಿ ಖಾಲಿ ಇರುವುದಿಲ್ಲ. ಈಚೆಗೆ ಇನ್ನೊಂದು ರೂಢಿಯೂ ಸೇರಿಕೊಂಡಿದೆ. ಮದುವೆ ಹೆಣ್ಣು ಮೊದಲು ಮೈಸೂರಿನ ಚರ್ಮದ ಕ್ಲಿನಿಕ್ಕಿಗೆ ಹೋಗಿ ಮೊಡವೆ ಕಲೆಗೆ ಪೀಲ್ ಮಾಡಿಸಿಕೊಂಡೋ ಲೇಸರ್ ಮಾಡಿಸಿಕೊಂಡೋ ಬರುತ್ತಾಳೆ. ಅದೇ ವಾರ ಊರಿನ ಪಾರ್ಲರ್‌ನಲ್ಲಿ ಫೇಶಿಯಲ್. ಚಪ್ಪರದ ದಿನ ಅರಿಶಿನ, ಎಣ್ಣೆ. ಮೂರೂ ಅವಳ ಚಂದಕ್ಕೇ. ಒಂದರ ಬೆನ್ನಿಗೆ ಒಂದು ಬಿದ್ದಾಗಲೇ ಮುಖ ಕೆಡುವುದು.

“ಪೀಲ್ ಆದ್ಮೇಲೆ ಒಂದ್ ಫೇಶಿಯಲ್ ಮಾಡುಸ್ಬುಟ್ರೆ ಹೊಳಪು ಇನ್ನೂ ಚೆನ್ನಾಗ್ ಬತ್ತದೆ.”

ಬರುವುದು ಹೊಳಪಲ್ಲ, ಕಪ್ಪು. ಗ್ಲೈಕಾಲಿಕ್ ಆಸಿಡ್‌ನಂಥ ಹಗುರ ಪೀಲ್ ಚರ್ಮದ ಮೇಲ್ಪದರವನ್ನು ಸಡಿಲಿಸುತ್ತದೆ. ಎರಡು ಮೂರು ದಿನಕ್ಕೆ ಹೊಟ್ಟು ಏಳಲು ಶುರುವಾಗಿ, ವಾರದೊಳಗೆ ತಾನಾಗಿಯೇ ಉದುರುತ್ತದೆ. ಅಡಿಯ ಚರ್ಮ ಆಗಿನ್ನೂ ಎಳಸು. ಫೇಶಿಯಲ್ ಅಂದರೆ ಬರೀ ಮಸಾಜ್ ಅಲ್ಲ ಎನ್ನುವುದನ್ನು ನಾವು ಮರೆಯುತ್ತೇವೆ: ಮೊದಲು ಸ್ಕ್ರಬ್, ಆಮೇಲೆ ಹಬೆ, ಬ್ಲ್ಯಾಕ್‌ಹೆಡ್ ತೆಗೆಯುವ ಕಡ್ಡಿ, ಕ್ರೀಮು ಹಾಕಿ ತೀಡುವುದು, ಕೊನೆಗೆ ಪ್ಯಾಕ್. ಇಷ್ಟೂ ಆ ಎಳೆ ಚರ್ಮದ ಮೇಲೆ ನಡೆದರೆ ಅದು ಉರಿಯುತ್ತದೆ. ನಮ್ಮಂಥ ಕಂದು ಬಣ್ಣದವರಲ್ಲಿ ಉರಿ ಆರಿದ ಜಾಗಕ್ಕೆ ಕಪ್ಪು ಕೂರುವುದು ಹೆಚ್ಚು. ಅದು ಮಾಸಲು ತಿಂಗಳುಗಳೇ ಬೇಕು. ಮೇಲಿಂದ ಏಪ್ರಿಲ್ ಬಿಸಿಲು. ಹಗುರ ಪೀಲ್ ಆದರೂ ಎರಡು ವಾರ ಫೇಶಿಯಲ್, ಬ್ಲೀಚ್, ವ್ಯಾಕ್ಸ್, ಥ್ರೆಡಿಂಗ್ ಯಾವುದೂ ಬೇಡ. ಹೊಟ್ಟನ್ನು ಉಗುರಿನಿಂದ ಕೀಳುವುದೂ ಬೇಡ. ಹೊಲಕ್ಕೆ ಹೋಗಲೇಬೇಕಾದವರು ಸನ್‌ಸ್ಕ್ರೀನ್ ಹಚ್ಚಿ, ಸೆರಗನ್ನೋ ಟವೆಲನ್ನೋ ಮುಖಕ್ಕೆ ಅಡ್ಡ ಇಟ್ಟುಕೊಳ್ಳಲಿ.

“ಅರಿಶಿನ ಹಚ್ಚಿದ್ರೆ ಏನಾಗ್ತದವ್ವ? ಒಳ್ಳೇದೇ ಅಲ್ವಾ?”

ಅಜ್ಜಿಯರ ಈ ಮಾತಿಗೆ ಎದುರಾಡಲು ಯಾರಿಗೂ ಬಾಯಿ ಬರುವುದಿಲ್ಲ. ಗಾಯವಿಲ್ಲದ ಚರ್ಮಕ್ಕೆ ಅರಿಶಿನ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ, ನಿಜ. ಆದರೆ ಶಾಸ್ತ್ರದಲ್ಲಿ ಹಚ್ಚುವವರು ಒಬ್ಬರಲ್ಲ. ಮುತ್ತೈದೆಯರು ಸಾಲಾಗಿ ಬಂದು ಎರಡೂ ಕೆನ್ನೆಗೆ ಸವರುತ್ತಾರೆ, ಅತ್ತಿಗೆ ನಾದಿನಿಯರು ತಮಾಷೆಗೆ ಇನ್ನಷ್ಟು ಉಜ್ಜುತ್ತಾರೆ, ತೊಳೆಯುವಾಗ ಕಡಲೆಹಿಟ್ಟಿನಲ್ಲಿ ಮತ್ತೊಮ್ಮೆ ತಿಕ್ಕುತ್ತಾರೆ. ಅಂಗಡಿಯ ಪುಡಿಯಲ್ಲಿ ಬಣ್ಣ ಬೆರೆತಿದ್ದರೂ ಇರಬಹುದು. ಪೀಲ್ ಆಗಿ ವಾರವೂ ಕಳೆಯದ ಕೆನ್ನೆಗೆ ಇದು ಸ್ಕ್ರಬ್‌ಗಿಂತ ಕಡಿಮೆಯಲ್ಲ. ದಾರಿ ಶಾಸ್ತ್ರದಲ್ಲೇ ಇದೆ. ಗರಿಕೆಯನ್ನು ಎಣ್ಣೆಯಲ್ಲಿ ಅದ್ದಿ ಪಾದ, ಮಂಡಿ, ಭುಜ, ನೆತ್ತಿಗೆ ಮುಟ್ಟಿಸುತ್ತಾರಲ್ಲ, ಅರಿಶಿನವನ್ನೂ ಹಾಗೇ ಕೈಕಾಲಿಗೆ ಹಚ್ಚಿ ಮುಖ ಬಿಟ್ಟರೆ ಶಾಸ್ತ್ರವೇನೂ ಕೆಡದು. ಮನೆಯ ಹಿರಿಯರೊಬ್ಬರ ಕಿವಿಗೆ ಮೊದಲೇ ಹಾಕಿಟ್ಟರೆ ಉಳಿದವರನ್ನು ಅವರೇ ತಡೆಯುತ್ತಾರೆ.

“ಬೊಟಾಕ್ಸ್ ಸೂಜಿ ತಾನೆ, ಚರ್ಮ ಸುಲಿದಿಲ್ಲವಲ್ಲ.”

ಇಲ್ಲಿ ಭಯ ಬೇರೆ. ಚುಚ್ಚಿದ ಔಷಧಿ ಆಯ್ದ ಸ್ನಾಯುವಿನಲ್ಲೇ ಉಳಿಯಬೇಕು. ಹುಬ್ಬಿನ ಹತ್ತಿರದ್ದು ಪಕ್ಕಕ್ಕೆ ಹರಡಿದರೆ ರೆಪ್ಪೆ ಕೆಲವು ವಾರ ಜೋಲಬಹುದು. ಮೊದಲ ನಾಲ್ಕು ಗಂಟೆ ಮುಖ ಉಜ್ಜಬಾರದು, 24 ಗಂಟೆ ಮಸಾಜ್ ಕೂಡದು ಎಂಬುದು ಕನಿಷ್ಠ ಲೆಕ್ಕ. ಪೂರ್ತಿ ಪರಿಣಾಮ ಕಾಣಲು ಸುಮಾರು ಎರಡು ವಾರ ಬೇಕು; ಫೇಶಿಯಲ್ ಅಲ್ಲಿಯವರೆಗೆ ಕಾದರೆ ನಷ್ಟವೇನಿಲ್ಲ. ಮದುಮಗನಿಗೂ ಇದೇ ಮಾತು. ಕ್ಷೌರದ ಅಂಗಡಿಯಲ್ಲಿ ಶೇವಿಂಗ್ ಆದ ಮೇಲೆ ವೈಬ್ರೇಟರ್ ಹಿಡಿದು ಹಣೆ ಕೆನ್ನೆ ತೀಡುತ್ತಾರಲ್ಲ, ಅದೂ ಮಸಾಜೇ.

“ಫಿಲ್ಲರ್ ಗಂಟು ಕಟ್ಟಿದ್ರೆ ತೀಡಿದ್ರೆ ಕರಗ್ತದೆ.”

ಮುಖ ತುಂಬಿಕೊಳ್ಳಲೆಂದು ಚುಚ್ಚಿದ ಫಿಲ್ಲರನ್ನು ಕೆಲವೊಮ್ಮೆ ಡಾಕ್ಟರೇ ತೀಡಿ ಸಮ ಮಾಡುತ್ತಾರೆ. ಅದನ್ನು ನೋಡಿ ಬಂದವರು ಮನೆಯಲ್ಲೂ ಒತ್ತಲು ಶುರುಮಾಡುತ್ತಾರೆ, ಅದೇ ತಪ್ಪು. ಡಾಕ್ಟರ್ ತೋರಿಸಿಕೊಟ್ಟಿದ್ದರೆ ಸರಿ, ಇಲ್ಲದಿದ್ದರೆ ಎರಡು ವಾರ ಕೈ ಹಾಕಬೇಡಿ. ಇನ್ನೊಂದು ಸಂಗತಿ ಇದಕ್ಕಿಂತ ದೊಡ್ಡದು. ಫಿಲ್ಲರ್ ಹಾಕಿದ ಜಾಗ ಬಿಳಿಚಿಕೊಂಡರೆ, ನೀಲಿ ಬಲೆಯಂಥ ಗೆರೆ ಮೂಡಿದರೆ, ನೋವು ಏರುತ್ತಾ ಹೋದರೆ ರಕ್ತನಾಳ ಕಟ್ಟಿರಬಹುದು. ಮಸಾಜ್, ಐಸು ಅಂತ ಕೂರುವ ಹೊತ್ತಲ್ಲ ಅದು. ಫಿಲ್ಲರ್ ಹಾಕಿದ ಡಾಕ್ಟರಿಗೆ ಕೂಡಲೇ ಫೋನ್ ಮಾಡಿ ಹೊರಡಬೇಕು. ಹಯಲುರಾನಿಕ್ ಆಸಿಡ್ ಫಿಲ್ಲರ್ ಆದರೆ ಕರಗಿಸುವ ಚುಚ್ಚುಮದ್ದು ಇದೆ, ಬೇಗ ಕೊಟ್ಟಷ್ಟೂ ಒಳ್ಳೆಯದು. ಕಣ್ಣು ಮಂಜಾದರಂತೂ ಒಂದು ನಿಮಿಷವೂ ಕಾಯುವಂತಿಲ್ಲ.

“ಕೆಂಪು ಇಳೀತು, ಇನ್ನೇನು.”

ಡರ್ಮಾರೋಲರ್ ಆದ ಮುಖದ ಕೆಂಪು ಒಂದೆರಡು ದಿನದಲ್ಲಿ ಇಳಿಯುತ್ತದೆ. ಆದರೆ ಸೂಜಿ ಕೊರೆದ ಸಣ್ಣ ರಂಧ್ರಗಳ ಮೂಲಕ ಫೇಶಿಯಲ್ ಕ್ರೀಮು, ಸುವಾಸನೆ, ಕೈಯ ಕೊಳೆ ಒಳಗಿಳಿದರೆ ಸೋಂಕು, ಅಲರ್ಜಿ ಆಗಬಹುದು. ಒಂದು ವಾರ ಬಿಡಿ. ಕಲೆಗಳಿಗೆ ಮಾಡುವ ಫ್ರ್ಯಾಕ್ಷನಲ್ ಲೇಸರ್‌ಗೆ ಕನಿಷ್ಠ ಎರಡು ವಾರ, ಮುಖಕ್ಕೆ ದಾರ ಹಾಕಿ ಎತ್ತಿಸಿಕೊಂಡಿದ್ದರೆ ನಾಲ್ಕು ವಾರ. ಕೂದಲು ತೆಗೆಯುವ ಲೇಸರ್ ಹಗುರದ್ದು. ಕೆಂಪು, ಉರಿ ಪೂರ್ತಿ ಹೋದ ಮೇಲೆ ಇನ್ನೆರಡು ದಿನ ಬಿಟ್ಟರೆ ಸಾಕು. ನಿಮ್ಮ ಡಾಕ್ಟರ್ ಇದಕ್ಕಿಂತ ಹೆಚ್ಚು ದಿನ ಹೇಳಿದ್ದರೆ ಅದೇ ಲೆಕ್ಕ.

“ಕ್ಲಿನಿಕ್ ವಿಷ್ಯ ಪಾರ್ಲರ್ ಅಕ್ಕಂಗ್ಯಾಕೆ?”

ನನ್ನ ಪ್ರಕಾರ ಅರ್ಧ ಅನಾಹುತಕ್ಕೆ ಕಾರಣ ಈ ಸಂಕೋಚವೇ. ಊರು ಚಿಕ್ಕದು, ಸುದ್ದಿ ಹಬ್ಬೀತು ಅಂತ ಹೆಣ್ಣುಮಕ್ಕಳು ಹೇಳುವುದಿಲ್ಲ. ಹೇಳದಿದ್ದರೆ ಆ ಅಕ್ಕನಿಗೆ ತಿಳಿಯುವುದಾದರೂ ಹೇಗೆ? ಬೆಳ್ಳಗಾಗಲು ಮೆಡಿಕಲ್ ಸ್ಟೋರಿನಿಂದ ತಂದು ತಿಂಗಳುಗಟ್ಟಲೆ ಹಚ್ಚಿದ ಸ್ಟೀರಾಯ್ಡ್ ಕ್ರೀಮನ್ನೂ, ಮೊಡವೆಗೆ ನುಂಗುತ್ತಿರುವ ಐಸೊಟ್ರೆಟಿನಾಯಿನ್ ಮಾತ್ರೆಯನ್ನೂ ಮುಚ್ಚಿಡಬೇಡಿ. ಆ ಚರ್ಮ ಮೊದಲೇ ತೆಳು. ವ್ಯಾಕ್ಸ್ ಎಳೆದರೆ ಪದರವೇ ಕಿತ್ತು ಬರಬಹುದು.

ಆದ್ದರಿಂದ ದಿನ ಎಣಿಸುವುದನ್ನು ಚಪ್ಪರದಿಂದ ಹಿಂದಕ್ಕೆ ಶುರುಮಾಡಿ. ಪೀಲ್, ಲೇಸರ್ ಏನಿದ್ದರೂ ಮದುವೆಗೆ ಒಂದೂವರೆ ಎರಡು ತಿಂಗಳ ಮುಂಚೆಯೇ ಮುಗಿಯಲಿ. ಲಗ್ನಕ್ಕೆ ಹದಿನೈದು ದಿನವಷ್ಟೇ ಉಳಿದಿದ್ದರೆ ಕ್ಲಿನಿಕ್ ಕೈಬಿಡಿ, ಮೊದಲಿಂದ ಒಗ್ಗಿದ ಫೇಶಿಯಲ್ ಒಂದೇ ಸಾಕು. ಮಾಡಿಸಿದ್ದೇ ಆದರೆ ಚಿಕಿತ್ಸೆಯ ಹೆಸರು, ತಾರೀಕು ಎರಡನ್ನೂ ಕ್ಲಿನಿಕ್ಕಿನ ಚೀಟಿಯಲ್ಲಿ ಬರೆಸಿಕೊಂಡು, ಕುರ್ಚಿಯಲ್ಲಿ ಕೂರುವ ಮೊದಲು ಪಾರ್ಲರ್ ಅಕ್ಕನಿಗೆ ತೋರಿಸಿ.